ಸ್ವಿಫ್ಟ್‌ಗೆ 17 ಇಂಚಿನ ಗಾಲಿ ಹಾಕ್ಸಬೇಕಂತೀನಿ, ನಮ್ಮ ಕಡೆ ರೋಡಿಗೆ ತಡೀತೈತೇನ್ರಿ?

ನವನಗರ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಂದು 2019ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, 61 ಸಾವಿರ ಕಿಲೋಮೀಟರ್ ಓಡೈತಿ. ಕಂಪನಿ ಟಾಯರ್ 165/80 ಆರ್14, ಕಬ್ಬಿಣದ ಡಿಸ್ಕು, ಮ್ಯಾಲೆ ಪ್ಲಾಸ್ಟಿಕ್ ಕ್ಯಾಪು. ನಾಕೂ ಟಾಯರ್ ಸವದಾವು, ಹೆಂಗೂ ಹೊಸಾವು ಹಾಕ್ಸೂದು ಬಂದೈತಿ, ಹಂಗಾಗಿ ಇದ ಟೈಮಿನಾಗ 17 ಇಂಚಿನ ಅಲಾಯ್ ಹಾಕ್ಸಿಬಿಡೋಣಂತ ವಿಚಾರ ಮಾಡಾಕತ್ತೇನಿ. ಅಂಗಡ್ಯಾಗ 205/45 ಆರ್17 ಆರಾಮ ಕೂಡ್ತೈತಿ ಅಂದಾರ. ನೋಡಾಕ ಚಂದ ಅನ್ನೂದು ಒಂದ ಕಾರಣ, ಆದ್ರ ನನಗ ಮುಖ್ಯ ಏನಂದ್ರ ಗಾಡಿ ಸ್ವಲ್ಪ ಎತ್ತರ ಆಗಬೇಕ್ರಿ. ವಾರಕ್ಕೊಮ್ಮೆ ಅವ್ವ ಅಪ್ಪನ್ನ ಕರಕೊಂಡು ಲಕ್ಷ್ಮೇಶ್ವರದ ಹತ್ರ ನಮ್ಮೂರಿಗೆ ಹೊಕ್ಕೇನಿ, ಅಗಸಿ ಮುಂದ ಒಂದ ದೊಡ್ಡ ಹಂಪ್ ಐತಿ, ಐದ ಮಂದಿ ಕುಂತ್ರ ಗಾಡಿ ಹೊಟ್ಟಿ ಅದಕ್ಕ ತಾಗ್ತೈತಿ, ಆ ಕರ್ ಅನ್ನೂ ಸಪ್ಪಳ ಕೇಳಿದ್ರ ಎದಿ ಝಲ್ ಅಂತೈತಿ. 17 ಹಾಕಿದ್ರ ಆ ತ್ರಾಸ ತಪ್ಪತೈತಿ ಅಂದ್ಕೊಂಡೀನಿ. ಹಾಕ್ಸಿದವ್ರು ಯಾರರ ಇದ್ರ ಹೇಳ್ರಿ, ಎವರೇಜ್ ಎಷ್ಟ ಬೀಳ್ತೈತಿ, ತಗ್ಗಿನಾಗ ಹೆಂಗ, ಪೊಲೀಸರು ಹಿಡೀತಾರೇನು, ಎಲ್ಲಾ.

ರಾಣೆಬೆನ್ನೂರ 27:
ಬ್ಯಾಡ ಬ್ರದರ್. ನಾ ಹಾಕ್ಸಿ ತಗದೀನಿ. ರಾತ್ರಿ ಕುಂತ ಬರೀತೀನಿ, ಈಗ ಕೆಲಸದಾಗ ಅದೀನಿ. ಅಲ್ಲೀತನಕ ಅಡ್ವಾನ್ಸ್ ಕೊಡಬ್ಯಾಡ.

ಗದಗ ಬೊಲೆರೊ:
ಹಾಕ್ಸ್ರಿ ತಮ್ಮಾರ, ಯಾಕ ಅಂಜತೀರಿ. ನಾ ಬೊಲೆರೊಕ್ಕ 215/75 ಆರ್15 ತಗದು 235/75 ಆರ್15 ಹಾಕೀನಿ, ಮೂರ ವರ್ಷ ಆತು, ಗಾಡಿ ಖರೇನ ಎತ್ತರ ಆಗೈತಿ. ಮುಳಗುಂದದ ಕಡೆ ನಮ್ಮ ಹೊಲಕ್ಕ ಹೋಗೂ ದಾರಿ ಬರೇ ಎರಿ, ಮೊದಲ ನಡುವಿನ ದಿಂಡಿಗೆ ಗಾಡಿ ತಳಾ ಕೆರೀತಿತ್ತು, ಈಗ ಇಲ್ಲ. ದೊಡ್ಡ ಗಾಲಿ ಅಂದ್ರ ದೊಡ್ಡ ಗಾಲೀನ.

ಗೋಕುಲ ರೋಡ್ ಅಲೈನ್ಮೆಂಟ್:
ಇಪ್ಪತ್ತ ವರ್ಷದಿಂದ ಟಾಯರ್ ಕೆಲಸ ಮಾಡಾಕತ್ತೇನಿ, ಅದಕ್ಕ ಹೇಳ್ತೀನಿ, ಇಬ್ರೂ ಬ್ಯಾರೆ ಬ್ಯಾರೆ ಮಾತಾಡಾಕತ್ತೀರಿ. ಗದಗದವ್ರು ಹಾಕಿದ್ದು ದೊಡ್ಡ ಟಾಯರ್, ರಿಮ್ ಅದ 15. ನವನಗರದ ತಮ್ಮ ಕೇಳಾಕತ್ತಿದ್ದು ದೊಡ್ಡ ರಿಮ್. ಎರಡೂ ಒಂದ ಅಲ್ಲ.

ತಮ್ಮಾ, ಟಾಯರ್ ಮ್ಯಾಲಿನ ನಂಬರ್ ಓದೂದು ಕಲ್ಕೊ, ಅರ್ಧಾ ಪ್ರಶ್ನಿ ಅಲ್ಲೇ ಬಗೀಹರೀತಾವು. 165 ಅಂದ್ರ ಟಾಯರ್ ಅಗಲ, ಮಿಲಿಮೀಟರ್‌ನಾಗ. 80 ಅಂದ್ರ ಆ ಅಗಲದಾಗ ನೂರಕ್ಕ ಎಂಬತ್ತ ಪಾಲು ಪಕ್ಕದ ಗೋಡಿ ಎತ್ತರ, ಸೈಡ್ ವಾಲ್ ಅಂತೀವಲ್ಲ ಅದು, ಅಂದ್ರ 132 ಮಿಲಿಮೀಟರ್. 14 ಅಂದ್ರ ರಿಮ್ಮು ಇಂಚಿನಾಗ, ಅದು 355.6 ಮಿಲಿಮೀಟರ್. ಮ್ಯಾಲೊಂದು ಕೆಳಗೊಂದು ಗೋಡಿ ಕೂಡಿಸಿದ್ರ ಇಡೀ ಗಾಲಿ 619.6. ಈಗ ಅಂಗಡಿಯವ್ರು ಹೇಳಿದ 205/45 ಆರ್17 ಲೆಕ್ಕಾ ಹಾಕು. ಗೋಡಿ 92.25, ರಿಮ್ 431.8, ಇಡೀ ಗಾಲಿ 616.3. ಮೂರ ಮಿಲಿಮೀಟರ್ ಸಣ್ಣದು! ಗಾಡಿ ಎತ್ತರ ಆಗೂದ ದೂರ ಉಳೀತು, ಒಂದೂವರಿ ಮಿಲಿಮೀಟರ್ ಕೆಳಗ ಇಳೀತೈತಿ. ಯಾಕಂದ್ರ ಗಾಡಿ ಎತ್ತರ ಆಗೂದು ಇಡೀ ಗಾಲಿ ಹೆಚ್ಚಾದದ್ದರಾಗ ಅರ್ಧಾ ಅಷ್ಟ. ನಿಮ್ಮೂರ ಹಂಪ್ ಹಂಗ ಉಳೀತು, ನಿನ್ನ ಗಾಲ್ಯಾಗ ರಬ್ಬರು 4 ಸೆಂಟಿಮೀಟರ್ ಹೋತು, ಅದರ ಜಾಗಾದಾಗ ಲೋಹ ಬಂತು. ತಗ್ಗಿನ ಹೊಡತ ತಿನ್ನೂದು ಆ ರಬ್ಬರು ಮತ್ತ ಅದರೊಳಗಿನ ಗಾಳಿ, ಅಲಾಯ್ ಅಲ್ಲ.

ನವನಗರ ಹುಡುಗ:
ಇದು ನನಗ ಗೊತ್ತ ಇರ್ಲಿಲ್ರಿ ಕಾಕಾ. ಈಗ ಕೆಳಗ ಹೋಗಿ ಟಾಯರ್ ನೋಡಿ ಬಂದೆ, 165/80 ಆರ್14 ಆದಮ್ಯಾಲ 85 ಅಂತನೂ ಐತಿ. ಅದೇನ್ರಿ?

ಗೋಕುಲ ರೋಡ್ ಅಲೈನ್ಮೆಂಟ್:
ಅದು ಲೋಡ್ ನಂಬರ್. 85 ಅಂದ್ರ ಒಂದ ಟಾಯರ್ 515 ಕೆಜಿ ಹೊರತೈತಿ. 84 ಅಂದ್ರ 500, 88 ಅಂದ್ರ 560, 91 ಅಂದ್ರ 615. ಅದರ ಮುಂದಿನ ಅಕ್ಷರ ಸ್ಪೀಡಿಂದು, ಎಸ್ ಇದ್ರ 180, ಟಿ ಇದ್ರ 190, ಎಚ್ ಇದ್ರ 210. 205/45 ಆರ್17ದಾಗ ಸಾದಾ ಟಾಯರ್ 84ದ್ದೂ ಬರ್ತಾವು, ಅಂದ್ರ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮಿ ಹೊರಾವು. ಎಕ್ಸ್‌ಟ್ರಾ ಲೋಡ್ ಅಂತ ಬರದಿರೂ 88 ತಗೋಬೇಕು, ಅದ್ರಾಗ ಗಾಳಿನೂ ಹೆಚ್ಚ ಹಿಡೀಬೇಕು. ಗಾಳಿ ಹೆಚ್ಚಾದಷ್ಟ ಸವಾರಿ ಬಿರುಸು. ಅಂಗಡ್ಯಾಗ ಈ ನಂಬರ್ ಯಾರೂ ತಾವಾಗಿ ಹೇಳಂಗಿಲ್ಲ, ಗಿರಾಕಿ ಕೇಳಬೇಕು. ಕಂಪನಿ ನಂಬರ್‌ಗಿಂತ ಕಡಿಮಿ ಲೋಡಿನ ಟಾಯರ್ ಪುಕ್ಕಟೆ ಕೊಟ್ರೂ ಹಾಕಬ್ಯಾಡ.

ಸಪ್ತಾಪುರ ಮಾಸ್ತರ:
ಅಲೈನ್ಮೆಂಟ್ ಅವರು ಭಾಳ ಛಲೋ ತಿಳಿಸಿ ಹೇಳ್ಯಾರ. ನಾನು ಫಿಸಿಕ್ಸ್ ಕಲಸಾಂವ, ಇದಕ್ಕ ಸ್ವಲ್ಪ ಸೇರಸ್ತೀನಿ.

ದೊಡ್ಡ ಗಾಲಿ ತಗ್ಗು ದಾಟೂದರಾಗ ಹೆಚ್ಚು ಅನ್ನೂದು ಖರೇ ಅದ, ಅದಕ್ಕ ಹಳೇ ಚಕ್ಕಡಿಗಳ ಗಾಲಿ ಎದಿಮಟ್ಟ ಇರ್ತಿದ್ವು. 30 ಸೆಂಟಿಮೀಟರ್ ಅಗಲದ ಒಂದು ತಗ್ಗು ಅಂತ ಹಿಡೀರಿ. ಸ್ವಿಫ್ಟಿನ ಗಾಲಿ ಅದರೊಳಗ ಸುಮಾರು 3.9 ಸೆಂಟಿಮೀಟರ್ ಇಳೀತದ. ಬೊಲೆರೊದ ಕಂಪನಿ ಗಾಲಿ 3.4, ಗದಗದವರು ಹಾಕಿರೂ ದೊಡ್ಡ ಟಾಯರ್ 3.2. ನಾಕ ಫೂಟಿನ ಚಕ್ಕಡಿ ಗಾಲಿ ಬರೇ 1.9. ಅಂದ್ರ ಹೊರಗಿನ ವ್ಯಾಸ ಹೆಚ್ಚಾದಷ್ಟೂ ಗಾಲಿ ತಗ್ಗಿನ ಮ್ಯಾಲೆ ತೇಲಿ ಹೋಗ್ತದ. ಈ ಲೆಕ್ಕದಾಗ ರಿಮ್ ಎಷ್ಟ ಇಂಚು ಅನ್ನೂ ಪ್ರಶ್ನಿನ ಬರಂಗಿಲ್ಲ. 17 ಹಾಕಿದ ಸ್ವಿಫ್ಟೂ 3.9ನ ಇಳೀತದ, ಆದ್ರ ಇಳದು ತಗ್ಗಿನ ಅಂಚಿಗೆ ಬಡದಾಗ ನಡುವ ಮೆತ್ತಗಿನ ಪದರು ಕಡಿಮಿ ಇರ್ತದ.

ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಇತ್ತು, ರಬ್ಬರು ಇರ್ಲಿಲ್ಲ, ಎತ್ತಿನ ನಡಿಗಿ ವೇಗಕ್ಕ ಅದು ನಡೀತಿತ್ತು. ನಾವು ಬೈಪಾಸಿನಾಗ 80ರ ಮ್ಯಾಲೆ ಹೋಗ್ತೀವಿ. ವೇಗ ಎರಡ ಪಟ್ಟು ಆದ್ರ ಹೊಡತದ ಶಕ್ತಿ ನಾಕ ಪಟ್ಟು ಆಗ್ತದ, ಇದನ್ನ ಮರೀಬಾರದು.

ಗದಗ ಬೊಲೆರೊ:
ಮಾಸ್ತರ್ರ, ಚಕ್ಕಡಿ ಮಾತ ತಗದು ಮನಸ್ಸಿಗೆ ಹತ್ತಿದ್ರಿ. ನಮ್ಮಪ್ಪ ಟಾಯರ್ ಬಂಡಿ ಬಂದಾಗನೂ ಕಟಗಿ ಗಾಲಿದ ಬಿಡಲಿಲ್ಲ, ಎರಿ ಹಸಿಯಾದಾಗ ಟಾಯರ್ ಜಾರತಾವು, ಇದು ಕೊರ್ಕೊಂಡ ಹೊಕ್ಕೈತಿ ಅಂತಿದ್ದ. ಒಂದ ಕೇಳ್ತೀನ್ರಿ. ಮೊದಲ ನನ್ನ ಬೊಲೆರೊ 14 ಕೊಡ್ತಿತ್ತು, ಟಾಯರ್ ಬದಲಿ ಮಾಡಿದಮ್ಯಾಲ 13. ಎಲ್ಲಾರೂ ದೊಡ್ಡ ಟಾಯರ್ ಡೀಸೆಲ್ ಕುಡೀತಾವು ಅಂತಾರ. ಅಷ್ಟ ಕುಡೀತಾವೇನು?

ಸಪ್ತಾಪುರ ಮಾಸ್ತರ:
ಅಷ್ಟ ಇಲ್ಲ. ನಿಮ್ಮ ಮೀಟರ್ ಗಾಲಿ ಎಷ್ಟ ಸುತ್ತ ತಿರಗ್ತು ಅನ್ನೂದನ್ನ ಎಣಸ್ತದ, ಗಾಲಿ ದೊಡ್ಡದಾಗಿದ್ದು ಅದಕ್ಕ ಗೊತ್ತಿಲ್ಲ. ಹಳೇ ಗಾಲಿ 703.5 ಮಿಲಿಮೀಟರ್, ಹೊಸಾದು 733.5. ನೂರಕ್ಕ 4.3ರಷ್ಟು ಹೆಚ್ಚು. ಮೀಟರ್ 1000 ಕಿಲೋಮೀಟರ್ ತೋರಸ್ದಾಗ ನೀವು ಖರೇ ಹೋಗಿದ್ದು 1043. ಹಂಗಾಗಿ ನಿಮ್ಮ 13 ಅನ್ನೂದು ಖರೇ ಲೆಕ್ಕದಾಗ 13.55. ಬಿದ್ದದ್ದು ಅರ್ಧಾ ಕಿಲೋಮೀಟರಿಗಿಂತ ಕಡಿಮಿ. ಅದೂ ಟಾಯರಿನ ತೂಕಕ್ಕ, ಅಗಲಕ್ಕ, ಗಾಳಿ ಹಿಡತಕ್ಕ.

ಆದ್ರ ಇದರ ಇನ್ನೊಂದು ಬದಿ ಅದ. ಮುಳ್ಳು 80 ತೋರಸ್ದಾಗ ಮೊದಲಿನಕಿಂತ ಮೂರೂವರಿ ಕಿಲೋಮೀಟರ್ ಹೆಚ್ಚು ವೇಗದಾಗ ಇರ್ತೀರಿ. ಕಂಪನಿ ಮೀಟರ್ ಖರೇ ವೇಗಕ್ಕಿಂತ ಒಂದಿಷ್ಟು ಹೆಚ್ಚ ತೋರಸ್ತಾವು, ಆ ಅಂತರನ್ನ ನಿಮ್ಮ ಟಾಯರ್ ತಿಂದ ಹಾಕ್ತು. ಫೋನಿನ ಜಿಪಿಎಸ್ ಹಚ್ಚಿ ಗದಗ ರೋಡಿನಾಗ ಒಮ್ಮೆ ನೋಡ್ರಿ.

ಗದಗ ಬೊಲೆರೊ:
ಮೂರ ವರ್ಷದಿಂದ ಟಾಯರ್‌ಗೆ ಬೈಕೋತ ಬಂದೀನ್ರಿ, ಇವತ್ತ ಸಮಾಧಾನ ಆತು. ನಾಳೆ ಅಣ್ಣಿಗೇರಿಗೆ ಹೋಗೂದೈತಿ, ನೋಡಿ ಹೇಳ್ತೀನಿ.

ಕೇಶ್ವಾಪುರ ಅಕ್ಕ:
ನಾನೂ ಹೇಳ್ತೀನಿ, ಎಲ್ಲಾರೂ ದೊಡ್ಡ ರಿಮ್ ಅಂದ್ರ ಬರೇ ಕೆಟ್ಟದ್ದು ಅಂತ ತಿಳ್ಕೊಬಾರದು. ನನ್ನ ಬಲೆನೊ ಡೆಲ್ಟಾಕ್ಕ 185/65 ಆರ್15 ಇತ್ತು. ಅದ ಗಾಡಿಯ ಆಲ್ಫಾ ಮಾಡೆಲಿಗೆ ಕಂಪನಿ ಕೊಡೂ 195/55 ಆರ್16, ಕಂಪನಿ ಅಲಾಯ್ ಸಮೇತ ಹಾಕಿಸ್ದೆ. ಇಡೀ ಗಾಲಿ 621.5 ಇದ್ದದ್ದು 620.9, ಅರ್ಧಾ ಮಿಲಿಮೀಟರ್ ಫರಕು. ಕಂಪನಿಯವರು ಅಷ್ಟು ತೂಗಿ ನೋಡಿ ಸೈಜ್ ಹಚ್ಚಿರ್ತಾರ. ಸ್ಟೇರಿಂಗ್ ತಿರಿವಿದ ಕೂಡ್ಲೆ ಗಾಡಿ ಮಾತ ಕೇಳ್ತದ, ಬೆಳಗಾವಿ ಕಡೆ ನಾಕ ಲೈನಿನ ರೋಡಿನಾಗ ಲೇನ್ ಬದಲಿ ಮಾಡಿದ್ರ ಮೊದಲಿನಂಗ ಮೈ ವಾಲೂದಿಲ್ಲ, ಗಟ್ಟಿ ಬ್ರೇಕ್ ಹಾಕಿದಾಗನೂ ಕೈಯಾಗ ಧೈರ್ಯ ಇರ್ತದ. ಇದು ಖರೇ ಸುಖ, ನಾನು ದಿನಾ ಅನುಭವಸ್ತೀನಿ.

ಆದ್ರ ನಮ್ಮ ಅತ್ತಿಯವರಿಗೆ ಬೆನ್ನು ನೋವು ಅದ. ಅವರು ಹಿಂದಿನ ಸೀಟಿನಾಗ ಕೂತ ಮೊದಲನೇ ದಿನಾನ, ಗಾಡಿಗೆ ಏನ ಮಾಡಿಸಿದಿ, ಹಳೇ ಬಸ್ಸಿನಾಗ ಕೂತಂಗ ಆಗಾಕತ್ತದ ಅಂದ್ರು. ಸೈಡ್ ವಾಲ್ ಕಡಿಮಿ ಆದದ್ದು ಬರೇ 13 ಮಿಲಿಮೀಟರ್, ಅಷ್ಟಕ್ಕ ಅವರಿಗೆ ತಿಳೀತು. ನೀವು 40 ತಗೀತೀನಂತೀರಿ. ಹಿಂದ ಕೂಡಾವರನ್ನ ಒಂದ ಮಾತ ಕೇಳ್ರಿ.

ಪೊಲೀಸರ ಬಗ್ಗೆ ಕೇಳೀರಿ. ನಾನು ಇನ್ಶೂರೆನ್ಸ್ ಕ್ಲೇಮ್ ಕೆಲಸದಾಗ ಇರಾಕಿ. ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಗಾಡಿಯನ್ನ ತಯಾರಕರ ಮೂಲ ವಿವರಕ್ಕ ಬ್ಯಾರೆ ಆಗೂಹಂಗ ಬದಲಿ ಮಾಡೂಹಂಗಿಲ್ಲ, 2019ರ ಜನವರಿಯೊಳಗ ಸುಪ್ರೀಂ ಕೋರ್ಟ್ ಸುದ್ದಾ ಅದನ್ನ ಗಟ್ಟಿ ಮಾಡಿ ಹೇಳ್ಯದ. 182ಎ ಕಲಮಿನಾಗ ಮಾಲಕರಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳತನಕ ಸೆರಿಮನಿಗೂ ಅವಕಾಶ ಅದ. ಅದ ಗಾಡಿಯ ಮ್ಯಾಲಿನ ಮಾಡೆಲಿಗೆ ಕಂಪನಿ ಕೊಟ್ಟ ಸೈಜ್ ಹಾಕಿದ್ರ ಓನರ್ ಮ್ಯಾನ್ಯುವಲ್ ತೋರಸಿ ಉತ್ತರ ಕೊಡ್ಲಿಕ್ಕೆ ಬರ್ತದ. ಮಡ್‌ಗಾರ್ಡಿನ ಹೊರಗ ಚಾಚಿದ ಗಾಲಿ ಹಾಕಿ, ಏನರ ಆಗಿ, ಸರ್ವೇಯರ್ ಬಂದು ಫೋಟೊ ಹೊಡಕೊಂಡ್ರ ಮಾತಾಡ್ಲಿಕ್ಕೆ ಜಾಗಾ ಉಳಿಯೂದಿಲ್ಲ. ಅಲಾಯ್ ಹಾಕಿಸಿದ್ರ ಪಾಲಿಸಿಯೊಳಗ ತಿಳಿಸಿ ಬರಿಸ್ರಿ.

ಆರೆಕ್ಸ್ ಹುಡುಗ:
ನಡುವ ಬಾಯಿ ಹಾಕ್ತೀನಿ, ಕ್ಷಮಸ್ರಿ. ಆರ್‌ಎಕ್ಸ್ 100ಕ್ಕ ಹಿಂದ 2.75-18 ಐತಿ, 3.50-18 ಹಾಕಬಹುದಾ?

ಗೋಕುಲ ರೋಡ್ ಅಲೈನ್ಮೆಂಟ್:
ಬ್ಯಾಡಪಾ. ಹಳೇ ಸಣ್ಣ ರಿಮ್ಮಿಗೆ ಅಷ್ಟ ಅಗಲ ಟಾಯರ್ ಹಾಕಿದ್ರ ಎರಡೂ ಕಡೆ ಹಿಚಗಿ ನಡುವ ಗುಂಡಗ ಏಳ್ತೈತಿ, ರೋಡಿಗೆ ಹತ್ತೂದು ನಡುವಿನ ಪಟ್ಟಿ ಅಷ್ಟ. ಚೈನಿನ ಕಡೆನೂ ತಾಗ್ತೈತಿ. 3.00ತನಕ ಹಾಕಿದವ್ರನ್ನ ನೋಡೀನಿ, ಅದಕ್ಕೂ ಗಾಲಿ ಕೈಲೆ ತಿರಿವಿ ಎಲ್ಲೂ ತಾಗೂದಿಲ್ಲ ಅಂತ ನೋಡ್ಕೋಬೇಕು. ಆ ಗಾಡಿ ಹಗರ ಐತಿ ಅಂತನ ಅಷ್ಟ ಓಡ್ತೈತಿ, ಭಾರ ಹೊರಸಬ್ಯಾಡ.

ರಾಣೆಬೆನ್ನೂರ 27:
ಹೇಳ್ತೀನಿ ಅಂದಿದ್ದೆ. ನಂದೂ ಸಣ್ಣ ಗಾಡೀನ, ಹಾಕ್ಸಿದ್ದೂ ಅದ 205/45 ಆರ್17. ನೋಡಾಕ ಎಷ್ಟ ಚಂದ ಇತ್ತಂದ್ರ ದಿನಾ ಮುಂಜಾನೆ ಎದ್ದು ಒರಸ್ತಿದ್ದೆ. ಎಂಟ ತಿಂಗಳ ಆಗಿತ್ತು. ಶ್ರಾವಣದಾಗ ಹಾವೇರಿಯಿಂದ ವಾಪಸ್ ಬರಾಕತ್ತಿದ್ದೆ, ಮೋಟೆಬೆನ್ನೂರ ದಾಟಿ ಸರ್ವಿಸ್ ರೋಡಿಗೆ ಇಳದೆ, ರಾತ್ರಿ ಹತ್ತ ಆಗಿತ್ತು, ಮಳಿ ನಿಂತಿತ್ತು, ರೋಡ್ ತುಂಬ ನೀರು, ತಗ್ಗು ಯಾವುದು ನೆಲ ಯಾವುದು ತಿಳೀವಲ್ದು. ಸ್ಪೀಡ್ 40 ಇತ್ತೋ ಇಲ್ಲೋ. ಎಡಗಡೆ ಮುಂದಿನ ಗಾಲಿ ಧಪ್ ಅಂತು, ಅದರ ಬೆನ್ನಿಗೆ ಹಿಂದಿಂದು ಧಪ್ ಅಂತು. ಇಳದು ಟಾರ್ಚ್ ಹಚ್ಚಿ ನೋಡಿದ್ರ ಮುಂದಿನ ರಿಮ್ಮಿನ ಅಂಚು ಒಳಗ ಮಡಚಿತ್ತು, ನಮ್ಮವ್ವ ಹೋಳಗಿ ಅಂಚ ಮಡಚ್ತಾಳಲ್ಲ ಹಂಗ, ಆ ಸಂದ್ಯಾಗಿಂದ ಗಾಳಿ ಸುಯ್ ಅಂತ ಹೊಂಟಿತ್ತು. ಹಿಂದಿಂದ್ರ ಸೈಡ್ ವಾಲಿನಾಗ ಲಿಂಬಿಹಣ್ಣಿನಷ್ಟ ಗುಳ್ಳಿ ಎದ್ದಿತ್ತು. ಎರಡ ಗಾಲಿ ಹ್ವಾದ್ವು, ಸ್ಟೆಪ್ನಿ ಇರೂದು ಒಂದ. ಹೆಂಡ್ತಿ, ಮೂರ ವರ್ಷದ ಮಗಳು ಗಾಡ್ಯಾಗ. ರಾತ್ರಿ ಒಂದಕ್ಕ ಟೋ ಗಾಡಿ ಬಂತು. ಆ ಮೂರ ತಾಸು ನಾ ಮರಿಯಾಂಗಿಲ್ಲ.

ಮರುದಿನ ರಿಮ್ ಬಡದು ಸರಿ ಮಾಡಿಸ್ದೆ, ಒಂದ ವಾರಕ್ಕ ಅಲ್ಲೇ ಕೂದಲೆಳಿಯಂಥ ಸೀಳು ಕಾಣ್ತು. ಅವಾಗ ತಿಳದವ್ರಿಗೆ ತೋರಸ್ದಾಗ ಅವ್ರು ರಿಮ್ಮಿನ ಹಿಂದಿನ ಮೈ ನೋಡಿ, ಪರೀಕ್ಷೆ ಪಾಸಾದ ರಿಮ್ಮಿಗೆ ಇರೂ ಜೆಡಬ್ಲ್ಯೂಎಲ್, ವಿಐಎ ಅನ್ನೂ ಗುರ್ತು ಇಲ್ಲ, ಎಷ್ಟ ಲೋಡ್ ಹೊರತೈತಿ ಅಂತನೂ ಬರದಿಲ್ಲ, ಇದನ್ನ ಹೆಂಗ ಹಾಕ್ಸಿದಿ ಅಂದ್ರು. ಮಾರಿದಂವ ನನಗ ಇಂಪೋರ್ಟೆಡ್ ಅಂದಿದ್ದ. ವಾಪಸ್ ಕೇಳಾಕ ಹೋದ್ರ ತಗ್ಗಿಗೆ ಹಾಕಿದ್ದು ನೀವು ಅಂದ. ನಾಕೂ ತಗದು ಕಂಪನಿ ಡಿಸ್ಕ್ ಹಾಕ್ಸಿದೆ. ದುಡ್ಡ ಹೋಗಿದ್ದಕ್ಕ ಅಲ್ಲ, ಮಗಳು ಆ ಕತ್ತಲದಾಗ ಅತ್ತಿದ್ದು ನೆನಪಾಗ್ತೈತಿ, ಅದಕ್ಕ ಬ್ಯಾಡ ಅಂದೆ.

ಗೋಕುಲ ರೋಡ್ ಅಲೈನ್ಮೆಂಟ್:
ಇದನ್ನ ಓದಿ ಸಂಕಟ ಆತ್ರಿ. ಬಡದು ಸರಿ ಮಾಡಿದ ಅಲಾಯ್ ಮತ್ತ ಹಾಕಬಾರದು. ಕಬ್ಬಿಣದ ಡಿಸ್ಕ್ ಬಗ್ಗತೈತಿ, ಬಡದ್ರ ಸುಮಾರಾಗಿ ಸರಿ ಹೊಕ್ಕೈತಿ, ಎರಕದ ಅಲಾಯ್ ಒಮ್ಮೆ ಬಗ್ಗಿದಮ್ಯಾಲ ಒಳಗ ಸೀಳಿರೂ ಸಾಧ್ಯತೆ ಭಾಳ. ಮತ್ತ ಗುಳ್ಳಿ ಎದ್ದ ಟಾಯರ್, ಒಳಗಿನ ದಾರ ಹರದಿರ್ತಾವು, ಅದಕ್ಕ ರಿಪೇರಿನ ಇಲ್ಲ.

ಬ್ಯಾಡಗಿ ಪಿಕಪ್:
ನಾ ಮಾಲಿನ ಗಾಡಿ ಓಡಸಾಂವ. ಮೆಣಸಿನಕಾಯಿ ಸೀಸನ್ ಬಂದ್ರ ರಾತ್ರಿ ಹಗಲಿ ಮಾರ್ಕೆಟ್ಟಿಗೆ ಬಾಡಗಿ. ಒಂದ ವರ್ಷ ಪಿಕಪ್ಪಿಗೆ ಒಂದ ಸೈಜ್ ದೊಡ್ಡ ಟಾಯರ್ ಹಾಕೀನಿ, ಹೊಲದಾಗ ಒಳಗತನಕ ಹೊಕ್ಕೈತಿ ಅಂತ. ಹೋಗ್ತಿತ್ತು, ಸುಳ್ಳ ಹೇಳಂಗಿಲ್ಲ. ಆದ್ರ ಮೆಣಸಿನಕಾಯಿ ಚೀಲ ಹಗರ, ಎತ್ತರ ಒಟ್ಟತೀವಿ, ಅದರಾಗ ಗಾಡೀನೂ ಎತ್ತರ ಆತು, ಹೈವೇದಾಗ ದೊಡ್ಡ ಲಾರಿ ಪಕ್ಕದಾಗ ಹಾದ್ರ ತೊಟ್ಟಲಂಗ ತೂಗತಿತ್ತು. ಲೋಡ್ ಇದ್ದಾಗ ಮೊದಲನೇ ಗೇರಿನಾಗ ಎಬ್ಬಸಾಕ ಕ್ಲಚ್ ಹೆಚ್ಚ ಒತ್ತಿ ಬಿಡಬೇಕಾಗ್ತಿತ್ತು, ಆ ವರ್ಷಾನ ಕ್ಲಚ್ ಪ್ಲೇಟ್ ಹೋತು. ಬ್ರೇಕೂ ಒಂದಿಷ್ಟ ಮುಂದ ಹೋಗಿ ನಿಂತಂಗ ಅನಸ್ತಿತ್ತು, ಮಾಸ್ತರ್ರ ಅದು ನನ್ನ ಭ್ರಮೆ ಏನ್ರಿ?

ಸಪ್ತಾಪುರ ಮಾಸ್ತರ:
ಭ್ರಮೆ ಅಲ್ಲ. ಬ್ರೇಕ್ ಹಿಡಿಯೂದು ನಡುವ, ನೆಲ ತಳ್ಳೂದು ಟಾಯರಿನ ಅಂಚಿನಾಗ. ಸನಿಕಿ ಕಾವು ಉದ್ದ ಆದ್ರ ಎತ್ತೂದು ಹೆಂಗ ಹಗರ ಆಗ್ತದೋ ಹಂಗ ಇಲ್ಲೆ ನೆಲಕ್ಕ ಗಾಲಿ ತಿರಗಸೂದು ಹಗರ ಆಗ್ತದ, ನಿಮ್ಮ ಬ್ರೇಕಿಗೆ ತಡಿಯೂದು ಕಷ್ಟ ಆಗ್ತದ. ವ್ಯಾಸ ನೂರಕ್ಕ ನಾಕು ಹೆಚ್ಚಾದ್ರ ಪೆಡಲ್ ಸುಮಾರು ಅಷ್ಟ ಹೆಚ್ಚು ಒತ್ತಬೇಕು. ಎಂಜಿನ್ನಿಗೂ ಅದ ಮಾತು, ಗಾಲಿ ದೊಡ್ಡದಾತು ಅಂದ್ರ ಎಲ್ಲಾ ಗೇರೂ ಸ್ವಲ್ಪ ಎತ್ತರಾದಂಗ. ಸಪಾಟ ರೋಡಿನಾಗ ಎಂಜಿನ್ ಆರಾಮ, ಅಂಕೋಲಾ ಕಡೆಯಿಂದ ಬರೂವಾಗ ಅರಬೈಲ್ ಘಾಟಿನಾಗ ಲೋಡ್ ಹಾಕಿ ಏರಸ್ದಾಗ ಗೇರ್ ಇಳಸಬೇಕಾಗ್ತದ.

ಗದಗ ಬೊಲೆರೊ:
ಅಣ್ಣಿಗೇರಿಗೆ ಹೋಗಿ ಬಂದೆ. ಜಿಪಿಎಸ್ ಮತ್ತ ಮೀಟರ್ ಹತ್ರ ಹತ್ರ ಒಂದ ತೋರಸಾಕತ್ತಾವು, ಮಾಸ್ತರ್ರ ಹೇಳಿದಂಗ ಮೊದಲಿನ ಅಂತರ ಹೋಗೈತಿ. ನಾ ದೊಡ್ಡ ಟಾಯರ್ ಹೊಗಳಿದ್ದಕ್ಕ ಒಂದ ತ್ರಾಸನೂ ಹೇಳಿಬಿಡ್ತೀನಿ, ಮುಚ್ಚಿ ಇಟ್ರ ತಪ್ಪಾಗ್ತೈತಿ. ಹೋದ ವರ್ಷ ಮಳಿಗಾಲದಾಗ ಹೊಲದಿಂದ ಬರಾಕತ್ತಿದ್ದೆ, ಎರಿ ಟಾಯರಿಗೆ ಮೆತ್ತಿ ಮೆತ್ತಿ ಮಡ್‌ಗಾರ್ಡ್ ಒಳಗ ತುಂಬ್ಕೊಂತು. ಹಳೇ ಟಾಯರಿಗೆ ಅಲ್ಲಿ ಕೈ ಆಡೂವಷ್ಟ ಜಾಗಾ ಇತ್ತು, ಇದಕ್ಕ ಇಲ್ಲ. ಗಾಲಿ ತಿರಗೂದ ನಿಂತು ಗಾಡಿ ಜಾರಬಂಡಿ ಆತು. ಇಳದು ಖುರಪಿ ತಗೊಂಡು ಕೆರದ್ರ ಮಣ್ಣು ಮೇಣದಂಗ, ಒಂದೊಂದ ಗಾಲಿಗೆ ಕಾಲ ತಾಸು ಹಿಡೀತು. ಸ್ಟೇರಿಂಗ್ ಪೂರಾ ತಿರಿವಿದ್ರ ಒಳಗಿನ ಪ್ಲಾಸ್ಟಿಕ್ಕಿಗೂ ಸ್ವಲ್ಪ ತಾಗ್ತೈತಿ. ಆದ್ರೂ ನನ್ನ ದಾರಿಗೆ ನನಗ ಇದ ಬೇಕು, ವರ್ಷದಾಗ ಹತ್ತ ತಿಂಗಳು ಒಣ ದಿಂಡಿನ ಮ್ಯಾಲೆ ಓಡಸಾಂವ ನಾನು.

ಗೋಕುಲ ರೋಡ್ ಅಲೈನ್ಮೆಂಟ್:
ಹಂಗಿದ್ರ ಸ್ಟೆಪ್ನಿನೂ 235 ಮಾಡಿ ಇಟ್ಕೊರಿ ಕಾಕಾ, ಹಿಂದಿನ ಒಂದ ಕಡೆ ಸಣ್ಣದು ಒಂದ ಕಡೆ ದೊಡ್ಡದು ಹಾಕಿ ದೂರ ಹೋದ್ರ ಡಿಫರೆನ್ಶಿಯಲ್, ಅಂದ್ರ ಎರಡ ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರಗಾಕ ಬಿಡೂ ಗೇರು, ಸುಮ್ನ ತಿರಗ್ತಾನ ಇರ್ತೈತಿ. ಫೋರ್ ವೀಲ್ ಗಾಡಿ ಇದ್ದವ್ರಂತೂ, ಥಾರ್ ಆಗ್ಲಿ ಏನ ಆಗ್ಲಿ, ನಾಕೂ ಗಾಲಿ ಒಂದ ಸೈಜ್ ಇಲ್ಲದ ಫೋರ್ ಹಾಕಲೇಬಾರದು.

ತಮ್ಮಾ ನವನಗರ, ನಿನಗ ಇನ್ನ ನಾಕ ಮಾತ ಹೇಳಿ ಮುಗಸ್ತೀನಿ. ರಿಮ್ ತಗೊಳ್ಳೂವಾಗ ಇಂಚು ಅಷ್ಟ ನೋಡಬಾರದು. ನಿನ್ನ ಗಾಡಿದು 4 ನಟ್ಟು, ಪಿಸಿಡಿ, ಅಂದ್ರ ನಟ್ಟಿನ ತೂತುಗಳ ಸುತ್ತಿನ ವ್ಯಾಸ, 100 ಮಿಲಿಮೀಟರ್, ನಡುವಿನ ತೂತು 54.1. ತೂತು ದೊಡ್ಡದಿರೂ ರಿಮ್ ಕೊಟ್ರ ನಡುವ ರಿಂಗ್ ಹಾಕ್ಸಬೇಕು, ಇಲ್ಲಾಂದ್ರ 80ರ ಮ್ಯಾಲೆ ಸ್ಟೇರಿಂಗ್ ನಡಗ್ತೈತಿ, ಎಷ್ಟ ಬ್ಯಾಲೆನ್ಸಿಂಗ್ ಮಾಡಿಸಿದ್ರೂ ಹೋಗಂಗಿಲ್ಲ. ಆಫ್‌ಸೆಟ್ ಕೇಳು, ಅಂದ್ರ ರಿಮ್ ಕೂಡೂ ಮೈ ರಿಮ್ಮಿನ ನಟ್ಟನಡುವಿಂದ ಎಷ್ಟ ದೂರ ಐತಿ ಅನ್ನೂದು, ಅದು ತಪ್ಪಿದ್ರ ಗಾಲಿ ಹೊರಗ ಬಂದು ಬೇರಿಂಗ್ ಮ್ಯಾಲೆ ಭಾರ ಬೀಳ್ತೈತಿ, ಲೋವರ್ ಆರ್ಮ್ ಬುಶ್ ಬ್ಯಾಗನ ಹೋಗ್ತಾವು. ರಿಮ್ಮಿನ ಹಿಂದ ದಪ್ಪ ಬಿಲ್ಲಿ, ಅಂದ್ರ ಸ್ಪೇಸರ್, ಹಾಕಿ ಕೂಡಸ್ತೀನಿ ಅಂದಾವ್ನ ಹತ್ರ ನಿಲ್ಲಬ್ಯಾಡ.

ಮತ್ತ ನಿನ್ನ ಹಂಪಿನ ವಿಷಯ. ನಿನ್ನ ಗಾಡಿ ಮ್ಯಾಲಿನ ಮಾಡೆಲಿಗೆ ಕಂಪನಿ 185/65 ಆರ್15 ಕೊಡ್ತೈತಿ, ಇಡೀ ಗಾಲಿ 621.5, ಲೋಡ್ 88, ಸೈಡ್ ವಾಲ್ 120. ಅದು ನಿನಗ ಸರಿಯಾದ ಸೈಜು. ಎತ್ತರ ಮಾತ್ರ ಒಂದ ಮಿಲಿಮೀಟರ್ ಬರ್ತೈತಿ, ಹಂಪಿಗೆ ಅದು ಏನೂ ಅಲ್ಲ. 185/70 ಆರ್15 ಹಾಕಿದ್ರ 10 ಮಿಲಿಮೀಟರ್ ಎತ್ತರ ಬರ್ತೈತಿ, ಖರೇ, ಆದ್ರ ಗಾಲಿ ನೂರಕ್ಕ ಮೂರಕ್ಕಿಂತ ಹೆಚ್ಚ ದೊಡ್ಡದಾತು, ಮುಂದ ಸ್ಪ್ರಿಂಗ್ ತಟ್ಟಿ ಹತ್ರ ಜಾಗಾ ಸಣ್ಣ, ನಾ ಹಾಕಂಗಿಲ್ಲ. ನೀ ಮೊದಲ ಹಿಂದಿನ ಸ್ಪ್ರಿಂಗ್ ತೋರಸು. 61 ಸಾವಿರ ಓಡಿದ ಗಾಡಿ, ಐದ ಮಂದಿ ಕುಂತಾಗಷ್ಟ ತಾಗ್ತೈತಿ ಅಂತೀ. ನನಗ ಅನಮಾನ ಅಲ್ಲೇ. ಗಾಳಿನೂ ಡ್ರೈವರ್ ಬಾಗಲಾ ತಗದ್ರ ಒಳಗ ಸ್ಟಿಕ್ಕರ್ ಇರ್ತೈತಿ, ತುಂಬಿದ ಗಾಡಿಗೆ ಎಷ್ಟಂತ ಅದರಾಗ ಬ್ಯಾರೆ ಬರದಿರ್ತೈತಿ, ಅಷ್ಟ ಹಿಡಸು.

ನವನಗರ ಹುಡುಗ:
ಹನ್ನೆರಡ ದಿನಾ ಆತು, ಬರದಿರ್ಲಿಲ್ಲ, ಎಲ್ಲಾ ಮುಗಿಸಿ ಬರೀಬೇಕಂತ ಸುಮ್ನಿದ್ದೆ.

ಮೊದಲ ಆ 17 ಇಂಚಿನ ಅಂಗಡಿಗೆ ಹೋಗಿ, ಒಂದ ಗಾಲಿ ಟಾಯರ್ ಸಮೇತ ತೂಕ ಮಾಡ್ತೀನಿ ಕೊಡ್ರಿ ಅಂದೆ. ಪಕ್ಕದ ಕಿರಾಣಿ ಅಂಗಡಿ ಕಾಟಾದ ಮ್ಯಾಲೆ ಇಟ್ವಿ, 19 ಕೆಜಿ 200 ಗ್ರಾಂ ಬಂತು. ನನ್ನ ಸ್ಟೆಪ್ನಿ ತಗದು ಇಟ್ರ 14 ಕೆಜಿ 300. ಒಂದ ಗಾಲಿಗೆ ಐದ ಕೆಜಿ ಹೆಚ್ಚು, ಅಲಾಯ್ ಅಂದ್ರ ಹಗರ ಅಂತ ತಿಳದಿದ್ದೆ. ಆ ಭಾರ ಸ್ಪ್ರಿಂಗಿನ ಕೆಳಗ, ಅದೂ ತಿರಗೂ ಭಾರ, ಪಿಕಪ್ ತಿನ್ನೂದೂ ಅದ, ತಗ್ಗಿನಾಗ ಶಾಕ್ ಅಬ್ಸಾರ್ಬರ್ ಬಡಿಯೂದೂ ಅದ ಅಂತ ಮಾಸ್ತರ್ರು ಮೆಸೇಜಿನಾಗ ತಿಳಿಸಿ ಹೇಳಿದ್ರು. ರಿಮ್ಮಿನ ಹಿಂದ ತಿರಿವಿ ನೋಡಿದೆ, ರಾಣೆಬೆನ್ನೂರ ಅಣ್ಣಾರು ಹೇಳಿದ ಯಾವ ಗುರ್ತೂ ಇರ್ಲಿಲ್ಲ. ಕೈ ಮುಗದು ಬಂದೆ.

ಆಮ್ಯಾಲ ಗ್ಯಾರೇಜಿನಾಗ ಸಪಾಟ ಜಾಗಾದಾಗ ಗಾಡಿ ನಿಂದ್ರಸಿ ಗಾಲಿ ನಡುವಿನಿಂದ ಮಡ್‌ಗಾರ್ಡ್ ಅಂಚಿನತನಕ ಟೇಪ್ ಹಿಡದು ಅಳದ್ವಿ. ಹಿಂದಿನ ಬಲಗಡೆ ಎಡಗಡೆಗಿಂತ 11 ಮಿಲಿಮೀಟರ್ ಕೆಳಗ ಇತ್ರಿ. ಬಿಚ್ಚಿ ನೋಡಿದ್ರ ಸ್ಪ್ರಿಂಗಿನ ಕೊನೀ ಸುತ್ತು ಮುರದಿತ್ತು, ಬೆರಳಷ್ಟ ತುಂಡು ಕೆಳಗಿನ ತಟ್ಟಿಯೊಳಗ ಬಿದ್ದಿತ್ತು. ಎಷ್ಟ ದಿನದಿಂದ ಹಂಗ ಓಡಸೀನೋ. ಎರಡೂ ಹಿಂದಿನ ಸ್ಪ್ರಿಂಗ್ ಹೊಸಾವು ಹಾಕ್ಸಿದೆ. ಗಾಲಿ ಮ್ಯಾಲಿನ ಮಾಡೆಲಿಂದು, ಕಂಪನಿ 15 ಇಂಚಿನ ಅಲಾಯ್ ನಾಕೂ ಸಿಕ್ಕುವು, ಟಾಯರ್ 185/65 ಆರ್15 ಹೊಸಾವು, ಪಕ್ಕದಾಗಿನ ನಾಕ ಅಂಕಿ ತಾರೀಖು ನೋಡೀನ ತಗೊಂಡೆ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ. ಅಂಗಡಿಯಂವ ಮೊದಲ ಎರಡ ವರ್ಷ ಹಳೇದು ತಂದಿದ್ದ, ತೋರಸಿ ಹೇಳಿದ ಕೂಡ್ಲೆ ಬದಲಿ ಮಾಡಿಕೊಟ್ಟ.

ನಿನ್ನೆ ರವಿವಾರ ಊರಿಗೆ ಹೋಗಿದ್ದೆ. ಅವ್ವ, ಅಪ್ಪ, ಅಕ್ಕ, ಅಕ್ಕನ ಮಗ, ನಾ ಐದೂ ಮಂದಿ, ಡಿಕ್ಕಿಯೊಳಗ ಜೋಳದ ಚೀಲ. ಅಗಸಿ ಮುಂದಿನ ಹಂಪಿನ ಹತ್ರ ಬಂದಾಗ ಅಪ್ಪ ಯಾವಾಗಿನಂಗ, ನಿಂದ್ರಸು, ನಾ ಇಳೀತೀನಿ ಅಂದ. ಕುಂದ್ರಪಾ ಅಂದು ಮೊದಲನೇ ಗೇರಿನಾಗ ಸಾವಕಾಶ ಹತ್ತಿಸಿದೆ. ಯಾರೂ ಉಸರ ಬಿಡಲಿಲ್ಲ. ಹಿಂದಿನ ಗಾಲಿ ಇಳೀತು, ತಾಗಲಿಲ್ಲ. ಅಪ್ಪ ಮತ್ತೊಮ್ಮೆ ಹಿಂದ ತಿರಗಿ ಹಂಪ್ ನೋಡಿದ.

ಕೇಶ್ವಾಪುರ ಅಕ್ಕ:
ಓದಿ ಭಾಳ ಖುಷಿ ಆತು. ನಿಮ್ಮ ಅವ್ವಾರಿಗೆ ಹಿಂದ ಕೂತಾಗ ಹೆಂಗನಸ್ತು?

ನವನಗರ ಹುಡುಗ:
ಏನೂ ಫರಕ್ ಹೇಳಲಿಲ್ರಿ ಅಕ್ಕಾರ, ಅರ್ಧಾ ದಾರಿ ಬರೂದ್ರಾಗ ನಿದ್ದಿ ಹತ್ತಿತ್ತು.

ಗೋಕುಲ ರೋಡ್ ಅಲೈನ್ಮೆಂಟ್:
ತಮ್ಮಾ, ಹೊಸ ರಿಮ್ ಹಾಕ್ಸಿ ನೂರ ಕಿಲೋಮೀಟರ್ ದಾಟಿತಲ್ಲ. ನಟ್ಟು ಮತ್ತೊಮ್ಮೆ ಟೈಟ್ ನೋಡಿಸಿದಿ?

ನವನಗರ ಹುಡುಗ:
ಇಲ್ರಿ ಕಾಕಾ, ನೆನಪ ಹಾರಿತ್ತು. ನಾಳೆ ಮುಂಜಾನೆ ಒಂಬತ್ತಕ್ಕ ಬರ್ತೀನ್ರಿ, ಅಲೈನ್ಮೆಂಟೂ ಒಮ್ಮೆ ನೋಡಿಬಿಡ್ರಿ.